ಬೆನ್ನಿನ ಹುಣ್ಣು ಮತ್ತು ರಾತ್ರಿ ಪಾಳಿಯ ಲೆಕ್ಕ

ವೃದ್ಧಾಶ್ರಮದಿಂದ ಆಸ್ಪತ್ರೆಗೆ ತಂದ ಅಜ್ಜಿಯ ಬೆನ್ನಿನಲ್ಲಿ ಅಂಗೈಯಗಲದ ಹುಣ್ಣು ಎಂಬಂಥ ಸುದ್ದಿ ಆಗಾಗ ಬರುತ್ತದೆ. ಹೊರಳದೆ ಒಂದೇ ಕಡೆ ಮಲಗಿದ್ದರೆ ಆಗುವ ಹುಣ್ಣು ಇದು, ಬೆಡ್‌ಸೋರ್. ಓದಿದವರಿಗೆ ಸಿಟ್ಟು ಬರುತ್ತದೆ, ಬೆನ್ನಿಗೇ ಗೊಂದಲವೂ ಆಗುತ್ತದೆ. ಒಂದು ಪತ್ರಿಕೆ ಆ ಜಾಗವನ್ನು ನರ್ಸಿಂಗ್ ಹೋಮ್ ಎನ್ನುತ್ತದೆ, ಇನ್ನೊಂದು ವೃದ್ಧಾಶ್ರಮ ಎನ್ನುತ್ತದೆ, ಮತ್ತೊಂದಕ್ಕೆ ಅದು ಕೇರ್ ಸೆಂಟರ್. ನಡೆಸುವವರು ‘ಹಾಸಿಗೆ ಹಿಡಿದವರಿಗೆ ಇದು ಬಂದೇ ಬರುತ್ತದೆ’ ಎನ್ನುತ್ತಾರೆ. ಮಕ್ಕಳು ‘ಸರಿಯಾಗಿ ನೋಡಿಕೊಳ್ಳಲಿಲ್ಲ’ ಎನ್ನುತ್ತಾರೆ. ದೂರು ಎಲ್ಲಿ ಕೊಡಬೇಕು ಎಂದು ಕೇಳಿದರೆ ಒಂದು ಕಚೇರಿ ಇನ್ನೊಂದರ ಕಡೆ ಕೈ ತೋರಿಸುತ್ತದೆ.

2024ರಲ್ಲಿ ಈ ಗೊಂದಲ ಇನ್ನಷ್ಟು ಹೆಚ್ಚಿತು. ಆ ವರ್ಷ ಮಹಾರಾಷ್ಟ್ರದ ಕಟ್ಟಡ ಯೋಜನೆಗಳ ನಿಯಂತ್ರಣ ಪ್ರಾಧಿಕಾರವಾದ ಮಹಾರೇರಾ ಹಿರಿಯ ನಾಗರಿಕರ ವಸತಿ ಯೋಜನೆಗಳಿಗೆ ಮಾರ್ಗಸೂಚಿ ಹೊರಡಿಸಿತು. ಇನ್ನು ಮುಂದೆ ವೃದ್ಧರ ಮನೆಗಳಿಗೆಲ್ಲ ನಿಯಮ ಬಂತು ಎಂದು ತಿಳಿದವರು ಬಹಳ. ಆದರೆ ಅದು ಬಿಲ್ಡರುಗಳು ಕಟ್ಟಿ ಮಾರುವ ಫ್ಲ್ಯಾಟುಗಳ ಮಾತು: ಲಿಫ್ಟು, ರ‍್ಯಾಂಪು, ಗಾಲಿಕುರ್ಚಿ ಹಾಯುವಷ್ಟು ಅಗಲದ ಬಾಗಿಲು. ಹಾಸಿಗೆಯಲ್ಲಿ ಮಲಗಿದವರನ್ನು ಯಾರು, ಎಷ್ಟು ಹೊತ್ತಿಗೊಮ್ಮೆ ಹೊರಳಿಸಬೇಕು ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ. ಆ ವಿಷಯವನ್ನು ಮುಟ್ಟಬಹುದಾಗಿದ್ದ, ಹಿರಿಯ ನಾಗರಿಕರ ಕಾಯ್ದೆಯ 2019ರ ತಿದ್ದುಪಡಿ ಮಸೂದೆ, ಅದೇ 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು.

ಹುಣ್ಣು ಹುಟ್ಟುವುದು ಗಂಟೆಗಳ ಲೆಕ್ಕದಲ್ಲಿ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಆ ಮನೆಯಲ್ಲಿ ಎಷ್ಟು ಕೈಗಳಿದ್ದವು ಎಂದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಿದಂತೆ. ಆ ಕೈಗಳನ್ನು ಎಣಿಸುವ ಹೊಣೆ ಯಾರ ಮೇಲೂ ಸ್ಪಷ್ಟವಾಗಿ ಬಿದ್ದಿಲ್ಲ ಎಂಬುದೇ ಇಲ್ಲಿಯ ಮೂಲ ತೊಡಕು.

ಹೆಸರು ಒಂದು, ಮನೆ ಮೂರು ಬಗೆ

ಅಮೆರಿಕದಲ್ಲಿ ನರ್ಸಿಂಗ್ ಹೋಮ್ ಎಂದರೆ ಅಶಕ್ತ ವೃದ್ಧರು ವರ್ಷಗಟ್ಟಲೆ ಇರುವ ಮನೆ. ಅಲ್ಲಿ 1987ರ ಫೆಡರಲ್ ಕಾನೂನಿನಿಂದ ಇಂಥ ಮನೆಗಳಿಗೆ ಕಟ್ಟುಪಾಡು ಬಂದಿದೆ. ಪ್ರತಿ ನಿವಾಸಿಯ ಹುಣ್ಣಿನ ಸ್ಥಿತಿಯನ್ನು ಕಾಲಕಾಲಕ್ಕೆ ದಾಖಲಿಸಬೇಕು. ಮುಂಬಯಿಯಲ್ಲಿ ನರ್ಸಿಂಗ್ ಹೋಮ್ ಎಂದರೆ ನಮ್ಮ ಗಲ್ಲಿಯ ಚಿಕ್ಕ ಆಸ್ಪತ್ರೆ: ಹೆರಿಗೆ, ಅಪೆಂಡಿಕ್ಸು, ಡೆಂಗಿ. ಅಮೆರಿಕದ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ ಇಲ್ಲಿಯ ಆಸ್ಪತ್ರೆಗೆ ಅದನ್ನು ಹೊಂದಿಸಿಕೊಂಡು ಓದಿದರೆ ದಾರಿ ತಪ್ಪುತ್ತದೆ.

ನಮ್ಮಲ್ಲಿ ವೃದ್ಧರು ಇರುವ ಮನೆಗಳು ಮೂರು ಬಗೆ. ಮೊದಲನೆಯದು ಟ್ರಸ್ಟ್ ನಡೆಸುವ ವೃದ್ಧಾಶ್ರಮ. ಬಹುಪಾಲು ಕಡೆ ಓಡಾಡುವವರಿಗಷ್ಟೇ ಪ್ರವೇಶ. ಒಳಗೆ ಬಂದ ಮೇಲೆ ಹಾಸಿಗೆ ಹಿಡಿದವರನ್ನು ಏನು ಮಾಡುವುದು ಎಂಬುದಕ್ಕೆ ಅವರಲ್ಲಿ ಸಿದ್ಧತೆ ಕಡಿಮೆ. ಎರಡನೆಯದು ಹಣ ಕೊಟ್ಟು ಇರಿಸುವ ಖಾಸಗಿ ಕೇರ್ ಸೆಂಟರ್. ಪಾರ್ಶ್ವವಾಯು, ಮರೆವಿನ ಕಾಯಿಲೆ, ಸೊಂಟದ ಮೂಳೆ ಮುರಿದವರು ಹೆಚ್ಚಾಗಿ ಇರುವುದು ಇಲ್ಲಿ. ಮೂರನೆಯದು ಚಿಕ್ಕ ಆಸ್ಪತ್ರೆಯೇ ಒಂದು ಮಹಡಿಯನ್ನು ‘ಲಾಂಗ್ ಸ್ಟೇ’ಗೆ ಬಿಟ್ಟುಕೊಟ್ಟದ್ದು. ಹುಣ್ಣಿನ ಅಪಾಯ ಅತಿ ಹೆಚ್ಚು ಎರಡನೆಯ ಬಗೆಯಲ್ಲಿ. ಕಾನೂನಿನ ಹಿಡಿತ ಅತಿ ಸಡಿಲವಾಗಿರುವುದೂ ಅಲ್ಲಿಯೇ.

ಇಂಥ ಮನೆಗಳು ಮೀರಾ ರೋಡ್, ವಸಾಯಿ, ಬದ್ಲಾಪುರ, ಪನವೇಲ್ ಕಡೆ ಹೆಚ್ಚು. ಜಾಗದ ಬಾಡಿಗೆ ಅಲ್ಲಿ ಕಡಿಮೆ. ಮಾಟುಂಗದಲ್ಲೋ ಗೋರೆಗಾಂವಿನಲ್ಲೋ ಇರುವ ಮಗ, ಬೆಂಗಳೂರಿನಲ್ಲಿರುವ ಮಗಳು ಅಲ್ಲಿಗೆ ತಲುಪುವುದು ಭಾನುವಾರ ಮಧ್ಯಾಹ್ನ. ಆ ಹೊತ್ತಿಗೆ ಅಮ್ಮನಿಗೆ ಸ್ನಾನವಾಗಿರುತ್ತದೆ, ಹಾಸು ಬದಲಾಗಿರುತ್ತದೆ, ಬೆನ್ನು ಹಾಸಿಗೆಗೆ ಒರಗಿರುತ್ತದೆ. ಬೆನ್ನನ್ನು ಯಾರೂ ನೋಡುವುದಿಲ್ಲ. ಹೋಟೆಲು, ಬ್ಯಾಂಕು, ಗಿರಣಿ ಎಂದು ಮುಂಬಯಿಗೆ ಬಂದ ಹಿರಿಯರಿಗೆ ಹಿಂದೆ ಕೊನೆಗಾಲದಲ್ಲಿ ಊರಿನ ಮನೆ ಇತ್ತು. ಈಗ ಕುಂದಾಪುರ, ಕಾರ್ಕಳದ ಎಷ್ಟೋ ಮನೆಗಳಿಗೆ ಬೀಗ. ಹಾಗಾಗಿ ಕೇರ್ ಸೆಂಟರನ್ನು ಸುಮ್ಮನೆ ದೂರಿ ಪ್ರಯೋಜನವಿಲ್ಲ, ಅದು ಬೇಕಾಗಿದೆ. 2011ರ ಜನಗಣತಿಯಲ್ಲೇ 60 ದಾಟಿದವರ ಪಾಲು ಮಹಾರಾಷ್ಟ್ರದಲ್ಲಿ ಶೇ. 9.9, ಗೋವೆಯಲ್ಲಿ ಶೇ. 11.2 ಇತ್ತು.

ಹುಣ್ಣು ಒಳಗಿನಿಂದ ಹುಟ್ಟುತ್ತದೆ

ಚರ್ಮದ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತದ ಒತ್ತಡ ಸುಮಾರು 32 ಮಿ.ಮೀ. ಪಾದರಸ. ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿದಾಗ ಬೆನ್ನ ಕೆಳಗಿನ ತ್ರಿಕಾಸ್ಥಿಯ ಮೇಲೆ ಬೀಳುವ ಒತ್ತಡ ಇದನ್ನು ಸುಲಭವಾಗಿ ಮೀರುತ್ತದೆ. ನಾಳ ಚಪ್ಪಟೆಯಾಗುತ್ತದೆ, ಅಲ್ಲಿಗೆ ಆಮ್ಲಜನಕ ಹೋಗುವುದಿಲ್ಲ. ಆರೋಗ್ಯವಂತರು ನಿದ್ದೆಯಲ್ಲೂ ತಮಗೇ ಗೊತ್ತಿಲ್ಲದೆ ಹೊರಳುತ್ತಾರೆ. ಪಾರ್ಶ್ವವಾಯು ಬಡಿದವರು ಹೊರಳಲಾರರು. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಹೋದವರಿಗೆ ಹೊರಳಬೇಕೆಂದೇ ಅನಿಸುವುದಿಲ್ಲ. ರಾತ್ರಿ ಕೂಗಾಡುತ್ತಾರೆಂದು ನಿದ್ರೆಮಾತ್ರೆ ಕೊಟ್ಟವರೂ ಹೊರಳುವುದಿಲ್ಲ. ಈ ಕೊನೆಯದನ್ನೂ ಹುಣ್ಣಿನ ಕಾರಣಗಳ ಪಟ್ಟಿಗೆ ಸೇರಿಸಬೇಕು.

ಮೂಳೆಗೆ ತಾಗಿದ ಸ್ನಾಯು ಚರ್ಮಕ್ಕಿಂತ ಬೇಗ ಸಾಯುತ್ತದೆ. ಅದಕ್ಕೇ ಮೇಲೆ ಕಾಣುವುದು ಒಂದು ರೂಪಾಯಿ ನಾಣ್ಯದಷ್ಟು ಗಾಯ, ಒಳಗೆ ಬೆರಳು ಹೋಗುವಷ್ಟು ಪೊಳ್ಳು. ‘ನಿನ್ನೆ ಇರಲಿಲ್ಲ, ಇವತ್ತು ಇಷ್ಟು ದೊಡ್ಡದು’ ಎಂದು ಮನೆಯವರು ಬೆಚ್ಚಿಬೀಳುವುದು ಇದರಿಂದಲೇ. ಆಳದ ಪೆಟ್ಟು ನೇರಳೆ ಬಣ್ಣದ ಗುರುತಾಗಿ ಹೊರಗೆ ಕಾಣುವುದಕ್ಕೆ 48ರಿಂದ 72 ಗಂಟೆ ಹಿಡಿಯುತ್ತದೆ. ಯಾರ ತಪ್ಪು ಎಂಬ ಜಗಳದಲ್ಲಿ ಈ ಎರಡು ಮೂರು ದಿನಗಳೇ ನಿರ್ಣಾಯಕ. ಅದಕ್ಕೆ ಮುಂದೆ ಬರೋಣ.

ಒತ್ತಡದ ಜೊತೆಗೆ ಇನ್ನೂ ಮೂರು ಸೇರುತ್ತವೆ. ಒಂದು, ಜಾರುವಿಕೆ. ಊಟ ಮಾಡಿಸಲು ಮಂಚದ ತಲೆಯ ಕಡೆ ಎತ್ತುತ್ತಾರೆ, ಹಾಗೆಯೇ ಬಿಡುತ್ತಾರೆ. ಮೈ ಕೆಳಗೆ ಜಾರುತ್ತದೆ, ಚರ್ಮ ಮಾತ್ರ ಹಾಸಿಗೆಗೆ ಅಂಟಿಕೊಂಡಿರುತ್ತದೆ. ನಡುವಿನ ರಕ್ತನಾಳಗಳು ತಿರುಚಿಕೊಳ್ಳುತ್ತವೆ. ಊಟದ ಹೊತ್ತು ಬಿಟ್ಟು ತಲೆಯ ಕಡೆ 30 ಡಿಗ್ರಿಗಿಂತ ಮೇಲೆ ಇರಬಾರದು. ಜಾರಿದವರನ್ನು ಕಂಕುಳಲ್ಲಿ ಕೈ ಹಾಕಿ ಒಬ್ಬರೇ ಎಳೆಯುವುದು ಇನ್ನೂ ಕೆಟ್ಟದ್ದು. ಕೆಳಗೆ ಅಡ್ಡ ಹಾಸು ಹಾಕಿ ಇಬ್ಬರು ಎರಡೂ ಕಡೆ ಹಿಡಿದು ಎತ್ತಿ ಸರಿಸಬೇಕು. ಎರಡು, ತೇವ. ಮೂತ್ರ, ಮಲ, ಬೆವರು. ಮುಂಬಯಿಯ ಜೂನ್, ಜುಲೈ ತಿಂಗಳಲ್ಲಿ ರೆಕ್ಸಿನ್ ಹಾಸಿನ ಮೇಲೆ ಮಲಗಿದ ಬೆನ್ನು ಒಣಗುವುದೇ ಇಲ್ಲ. ಬೆಳಗಿನವರೆಗೆ ಬದಲಿಸದಿರಲೆಂದು ಒಂದರ ಮೇಲೊಂದು ಎರಡು ಡೈಪರ್ ಕಟ್ಟುವ ರೂಢಿ ಹುಣ್ಣಿಗೆ ನೇರ ಆಹ್ವಾನ.

ಮೂರನೆಯದು ಅನ್ನ. ಹುಣ್ಣಿನ ಅಪಾಯ ಇರುವವರಿಗೆ ದಿನಕ್ಕೆ ಕಿಲೋ ತೂಕಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ತೂಗುವ ಅಜ್ಜಿಗೆ 62ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಬೆಳಿಗ್ಗೆ ಚಹಾ ಬಿಸ್ಕತ್ತು, ಮಧ್ಯಾಹ್ನ ಬೇಳೆ ನೀರು ಅನ್ನ, ರಾತ್ರಿ ಗಂಜಿ ಎಂಬ ಊಟದಲ್ಲಿ ಇದರ ಅರ್ಧವೂ ಸಿಗುವುದಿಲ್ಲ. ಹೊಟ್ಟೆ ತುಂಬಿರುತ್ತದೆ, ಗಾಯ ಮಾಯುವುದಿಲ್ಲ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಮಾತ್ರ ಈ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ನಮ್ಮ ಚರ್ಮದಲ್ಲಿ ಕೆಂಪು ಕಾಣದು

ಹುಣ್ಣಿಗೆ ನಾಲ್ಕು ಹಂತ. ಮೊದಲನೆಯದರಲ್ಲಿ ಚರ್ಮ ಒಡೆದಿರುವುದಿಲ್ಲ. ಬಣ್ಣ ಬದಲಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟರೂ ಬಿಳಿಚಿಕೊಳ್ಳುವುದಿಲ್ಲ. ಎರಡನೆಯದರಲ್ಲಿ ಮೇಲ್ಪದರ ಸುಲಿದಿರುತ್ತದೆ ಅಥವಾ ಬೊಬ್ಬೆ ಎದ್ದಿರುತ್ತದೆ. ಮೂರನೆಯದರಲ್ಲಿ ಕೊಬ್ಬಿನ ಪದರದವರೆಗೆ ಗುಳಿ. ನಾಲ್ಕನೆಯದರಲ್ಲಿ ಸ್ನಾಯು, ಮೂಳೆ ಕಾಣುತ್ತದೆ. ಕಪ್ಪು ಪೊರೆ ಮುಚ್ಚಿಕೊಂಡಿದ್ದರೆ ಆಳ ಗೊತ್ತಾಗುವುದಿಲ್ಲ, ಅದಕ್ಕೆ ಹಂತ ಹೇಳಲಾಗದು.

ಪುಸ್ತಕಗಳಲ್ಲಿ ಮೊದಲ ಹಂತದ ಗುರುತು ‘ಕೆಂಪಾಗುವುದು’. ಬಿಳಿ ಚರ್ಮವನ್ನು ನೋಡಿ ಬರೆದ ಮಾತದು. ಕಂದು, ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ. ಒತ್ತಿದರೆ ಬಿಳಿಚುವುದೂ ತಿಳಿಯುವುದಿಲ್ಲ. ನೋಡಬೇಕಾದದ್ದು ಬೇರೆ: ಆ ಜಾಗ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿದೆಯೇ, ನೇರಳೆಯಾಗಿದೆಯೇ, ಮುಟ್ಟಿದರೆ ಬಿಸಿಯೇ ಅಥವಾ ತಣ್ಣಗೆಯೇ, ಗಟ್ಟಿಯೇ ಅಥವಾ ಕೆಸರಿನಂತೆ ಮೆತ್ತಗೆಯೇ, ಅಲ್ಲಿ ನೋವಿದೆಯೇ. ಹಗಲು ಬೆಳಕಿನಲ್ಲಿ, ಬೆರಳ ಹಿಂಭಾಗದಿಂದ ಮುಟ್ಟಿ ನೋಡಬೇಕು. ತ್ರಿಕಾಸ್ಥಿ, ಎರಡೂ ಹಿಮ್ಮಡಿ, ಸೊಂಟದ ಪಕ್ಕದ ಮೂಳೆ, ಮೊಣಕೈ, ಭುಜದ ಹಲಗೆ, ತಲೆಯ ಹಿಂಭಾಗ, ಆಮ್ಲಜನಕದ ಕೊಳವೆ ಕಿವಿಗೆ ತಾಗುವ ಜಾಗ. ಮೊದಲ ಹಂತದಲ್ಲಿ ಹಿಡಿದರೆ ಒತ್ತಡ ತೆಗೆದ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ನಾಲ್ಕನೆಯದಕ್ಕೆ ತಿಂಗಳುಗಟ್ಟಲೆ ಬೇಕು, ಕೆಲವರಲ್ಲಿ ಮಾಯುವುದೇ ಇಲ್ಲ.

ಪ್ರೀತಿಯಿಂದ ಮಾಡುವ ತಪ್ಪುಗಳೂ ಇವೆ. ಬಣ್ಣ ಬದಲಾದ ಜಾಗವನ್ನು ಎಣ್ಣೆ ಹಾಕಿ ಉಜ್ಜಬಾರದು. ಸಾಯುತ್ತಿರುವ ಸ್ನಾಯು ಇನ್ನಷ್ಟು ಹರಿಯುತ್ತದೆ. ಸ್ಪಿರಿಟ್ ಒರೆಸಿ ಪೌಡರ್ ಹಾಕುವುದು ಹಳೆಯ ವಾರ್ಡ್ ಪದ್ಧತಿ; ಸ್ಪಿರಿಟ್ ಚರ್ಮವನ್ನು ಒಣಗಿಸಿ ಸೀಳುತ್ತದೆ, ಪೌಡರ್ ಬೆವರಿನಲ್ಲಿ ಗಂಟುಕಟ್ಟಿ ತರಚುತ್ತದೆ. ನಡುವೆ ತೂತಿರುವ ಗಾಳಿಯ ರಿಂಗಿನ ಮೇಲೆ ಕೂರಿಸಿದರೆ ರಿಂಗಿನ ಅಂಚು ಸುತ್ತಲಿನ ರಕ್ತವನ್ನೇ ತಡೆಯುತ್ತದೆ. ತೆರೆದ ಗಾಯಕ್ಕೆ ದಿನಾ ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಹೊಸದಾಗಿ ಹುಟ್ಟುವ ಕೋಶಗಳೂ ಸಾಯುತ್ತವೆ. ತೊಳೆಯಲು ನಾರ್ಮಲ್ ಸಲೈನ್ (ಉಪ್ಪುನೀರಿನ ದ್ರಾವಣ) ಸಾಕು. ಹಿಮ್ಮಡಿಯ ಮೇಲೆ ಒಣಗಿ ಗಟ್ಟಿಯಾಗಿ ಕೂತ ಕಪ್ಪು ಹೊಪ್ಪಳೆಯನ್ನು, ಕೀವು, ಕೆಂಪು, ಅಲುಗಾಟ ಇಲ್ಲದಿದ್ದರೆ, ಕಿತ್ತು ತೆಗೆಯಬಾರದು. ಜ್ವರ, ದುರ್ವಾಸನೆ, ಇದ್ದಕ್ಕಿದ್ದಂತೆ ಮಂಕು ಕವಿಯುವುದು ಕಂಡರೆ ಅದು ನಂಜು ರಕ್ತಕ್ಕೆ ಏರಿದ ಸೂಚನೆಯಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು.

ರಾತ್ರಿಯ ಲೆಕ್ಕ

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಅದಕ್ಕೆ ಎಷ್ಟು ಜನ ಬೇಕು ಎಂದು ಎಣಿಸಿದವರು ಕಡಿಮೆ.

ಹೊರಳಲಾರದ 20 ಮಂದಿ ಇರುವ ಒಂದು ಕೇರ್ ಸೆಂಟರ್ ಎಂದಿಟ್ಟುಕೊಳ್ಳಿ. ಕೆಲಸದವರನ್ನು ಒದಗಿಸುವ ಬ್ಯೂರೋದಿಂದ ಬಂದ ಮಾವ್ಶಿ (ಆರೈಕೆ ಮಾಡುವ ಹೆಂಗಸು), ವಾರ್ಡ್‌ಬಾಯ್‌ಗಳ ಪಾಳಿ 12 ಗಂಟೆಯದು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟಕ್ಕೆ ಒಬ್ಬೊಬ್ಬರಿಗೆ ಆರು ಸಲ, ಒಟ್ಟು 120 ಸಲ ಹೊರಳಿಸಬೇಕು. ಸರಿಯಾಗಿ ಮಾಡುವುದಾದರೆ ಇಬ್ಬರು ಬೇಕು, ಐದು ನಿಮಿಷ ಬೇಕು: 30 ಡಿಗ್ರಿ ಓರೆಗೆ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟು, ಮೀನಖಂಡದ ಕೆಳಗೆ ಇನ್ನೊಂದಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿ, ಹಾಸಿನ ನೆರಿಗೆ ಎಳೆದು ಸರಿಮಾಡುವಷ್ಟು. ಪೂರ್ತಿ 90 ಡಿಗ್ರಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ ಬಿದ್ದು ಅಲ್ಲೇ ಹುಣ್ಣಾಗುತ್ತದೆ.

120 ಸಲ, ಇಬ್ಬರು, ಐದು ನಿಮಿಷ: ಕೂಡಿಸಿದರೆ 20 ಆಳುಗಂಟೆ (ಒಬ್ಬ ಆಳಿನ ಒಂದು ಗಂಟೆಯ ಕೆಲಸ ಒಂದು ಆಳುಗಂಟೆ). ರಾತ್ರಿ ಎರಡು ಸಲ ಡೈಪರ್ ಬದಲಿಸಿ, ಒರೆಸಿ, ತೇವ ತಡೆಯುವ ಮುಲಾಮು ಹಚ್ಚುವುದಕ್ಕೆ ಒಬ್ಬರಿಗೆ ಒಂದು ಸಲಕ್ಕೆ ಹತ್ತು ಆಳುನಿಮಿಷ ಎಂದರೂ ಇನ್ನೂ 6 ಗಂಟೆ 40 ನಿಮಿಷ. ಒಟ್ಟು 26 ಗಂಟೆ 40 ನಿಮಿಷ. ರಾತ್ರಿ ಪಾಳಿಯಲ್ಲಿ ಇರುವುದು ಇಬ್ಬರಾದರೆ ಅವರ ಬಳಿ ಇರುವುದೇ 24 ಆಳುಗಂಟೆ. ಊಟವಿಲ್ಲ, ಚಹಾ ಇಲ್ಲ, ಯಾರಿಗೂ ಜ್ವರ ಬರಬಾರದು, ಯಾರೂ ಬೀಳಬಾರದು ಎಂದರೂ ಲೆಕ್ಕ ಕೂಡುವುದಿಲ್ಲ. ಆಗ ಆಗುವುದೇನು? ಹನ್ನೊಂದಕ್ಕೆ ಒಂದು ಸುತ್ತು, ಐದಕ್ಕೆ ಇನ್ನೊಂದು. ನಡುವೆ ಆರು ಗಂಟೆ ಒಂದೇ ಮೂಳೆಯ ಮೇಲೆ. ಚಾರ್ಟಿನಲ್ಲಿ ಮಾತ್ರ ಎರಡು ಗಂಟೆಗೊಮ್ಮೆ ಸಹಿ.

ಮೂರನೆಯ ಒಬ್ಬರು ಬಂದರೆ 36 ಆಳುಗಂಟೆ, ಕೆಲಸ ಹಿಡಿಯುತ್ತದೆ. ಅವರ ಸಂಬಳ ತಿಂಗಳಿಗೆ 18,000 ಎಂದುಕೊಂಡರೆ 20 ಮಂದಿಗೆ ಹಂಚಿದಾಗ ತಲೆಗೆ 900 ರೂಪಾಯಿ. ತಿಂಗಳಿಗೆ ಹತ್ತಾರು ಸಾವಿರ ಕೊಡುವ ಮನೆಯವರು ಈ 900ಕ್ಕೆ ಒಪ್ಪದಿರುವುದು ಕಡಿಮೆ. ಕೇಳುವವರಿಲ್ಲ, ಹೇಳುವವರೂ ಇಲ್ಲ. ಅದರಲ್ಲೂ ನೋವಿನ ಸಂಗತಿ ಎಂದರೆ, ಹುಣ್ಣು ಬಂದಾಗ ಮೊದಲು ಕೆಲಸ ಕಳೆದುಕೊಳ್ಳುವವರು ಆ ಇಬ್ಬರು ಮಾವ್ಶಿಯರು. ಅಷ್ಟು ಹಾಸಿಗೆಗೆ ಇಬ್ಬರನ್ನೇ ಇಟ್ಟವರ ಮೇಲೆ ಪ್ರಶ್ನೆ ಬರುವುದಿಲ್ಲ.

ಏರ್‌ಬೆಡ್ ಇದೆಯಲ್ಲ?

ಏರ್‌ಬೆಡ್‌ನ ಗುಳ್ಳೆಗಳು ಅಥವಾ ಕೊಳವೆಗಳು ಸುಮಾರು ಹತ್ತು ನಿಮಿಷಕ್ಕೊಮ್ಮೆ ಸರದಿಯಂತೆ ಉಬ್ಬಿ ಇಳಿಯುತ್ತವೆ. ಒತ್ತಡ ಒಂದೇ ಕಡೆ ಕೂರುವುದಿಲ್ಲ. ಒಳ್ಳೆಯ ಹಾಸಿಗೆ ಇದ್ದರೆ, ಚರ್ಮ ತಾಳುತ್ತಿದ್ದರೆ, ಕೆಲವರಿಗೆ ಮಗ್ಗುಲು ಬದಲಿಸುವ ಅಂತರವನ್ನು ನಾಲ್ಕು ಗಂಟೆಯವರೆಗೆ ಹೆಚ್ಚಿಸಬಹುದು. ಮಗ್ಗುಲು ಬದಲಿಸುವುದನ್ನೇ ಬಿಡುವಂತಿಲ್ಲ. ಹಿಮ್ಮಡಿಗಂತೂ ಏರ್‌ಬೆಡ್ ಸಾಲದು.

ಕೆಡುವುದು ಎಲ್ಲೆಲ್ಲಿ ಎಂದರೆ: ಪಂಪಿನ ತಿರುಗುಗುಂಡಿಯನ್ನು ತೂಕಕ್ಕೆ ತಕ್ಕಂತೆ ಇಡದೆ ಗರಿಷ್ಠಕ್ಕೆ ಇಟ್ಟರೆ ಹಾಸಿಗೆ ಹಲಗೆಯಷ್ಟೇ ಗಟ್ಟಿ. ಗಾಳಿಯ ಕೊಳವೆ ಮಂಚದ ಕಾಲಿಗೆ ಸಿಕ್ಕಿ ಮಡಿಸಿಕೊಂಡಿರುತ್ತದೆ. ಪಂಪಿನ ಸದ್ದಿಗೆ ಪಕ್ಕದವರು ಎಚ್ಚರವಾಗುತ್ತಾರೆಂದು ರಾತ್ರಿ ಆರಿಸಿಬಿಡುತ್ತಾರೆ. ಮೇಲೆ ಹತ್ತಿಯ ಗಾದಿ, ರೆಕ್ಸಿನ್, ಅಡ್ಡ ಹಾಸು, ಡೈಪರ್ ಎಂದು ನಾಲ್ಕು ಪದರ ಹೊದಿಸಿದರೆ ಗಾಳಿಯ ಆಟ ಚರ್ಮಕ್ಕೆ ತಲುಪುವುದೇ ಇಲ್ಲ. ಪರೀಕ್ಷೆ ಸುಲಭ. ಮಲಗಿದವರ ಸೊಂಟದ ನೇರಕ್ಕೆ, ಏರ್‌ಬೆಡ್‌ನ ಕೆಳಗೆ ಅಂಗೈ ಮೇಲ್ಮುಖವಾಗಿ ತೂರಿಸಿ. ಕೈಗೂ ಮೂಳೆಗೂ ನಡುವೆ ಒಂದು ಅಂಗುಲದಷ್ಟಾದರೂ ಗಾಳಿಯ ದಪ್ಪ ಇರಬೇಕು. ಮೂಳೆ ನೇರ ಕೈಗೆ ತಾಗಿದರೆ ಆ ಹಾಸಿಗೆ ಇದ್ದೂ ಇಲ್ಲ.

ಬಂದೇ ಬರುತ್ತದೆಯೇ?

ಮನೆಯವರ ವಾದ: ಹುಣ್ಣು ಬಂದಿದೆ ಎಂದರೆ ನಿರ್ಲಕ್ಷ್ಯ ಆಗಿದೆ. ನಡೆಸುವವರ ವಾದ: ಅವರನ್ನು ಐಸಿಯುನಿಂದ ನೇರ ಇಲ್ಲಿಗೆ ತಂದಿರಿ, ಹುಣ್ಣು ಅಲ್ಲಿಯೇ ಶುರುವಾಗಿತ್ತು, ದೇಹ ಸೋತಾಗ ಚರ್ಮವೂ ಸೋಲುತ್ತದೆ.

ನಡೆಸುವವರ ಮಾತಿನಲ್ಲಿ ಸತ್ಯದ ಪಾಲಿದೆ. ಸಾವು ಹತ್ತಿರವಾದಾಗ ರಕ್ತಸಂಚಾರ ಕುಗ್ಗಿ, ಎಷ್ಟು ಆರೈಕೆ ಮಾಡಿದರೂ ತ್ರಿಕಾಸ್ಥಿಯ ಮೇಲೆ ಗಂಟೆಗಳಲ್ಲೇ ಗುರುತು ಮೂಡುವುದುಂಟು. ವೈದ್ಯಕೀಯ ಸಾಹಿತ್ಯದಲ್ಲಿ 1989ರಿಂದಲೂ ಇದರ ವಿವರಣೆ ಇದೆ. ಐಸಿಯು, ಆಪರೇಷನ್ ಟೇಬಲ್, ತುರ್ತು ವಿಭಾಗದ ಟ್ರಾಲಿಯ ಮೇಲೆ ಕಳೆದ ಗಂಟೆಗಳೂ ಲೆಕ್ಕಕ್ಕೆ ಬರಬೇಕು. ಸೋಮವಾರ ಕೇರ್ ಸೆಂಟರಿಗೆ ಬಂದವರಲ್ಲಿ ಬುಧವಾರ ನೇರಳೆ ಗುರುತು ಕಂಡರೆ ಪೆಟ್ಟು ಆಸ್ಪತ್ರೆಯಲ್ಲೇ ಬಿದ್ದಿರಬಹುದು. ಆದರೆ ಮೂರು ವಾರದ ನಂತರ, ನೆಮ್ಮದಿಯಾಗಿ ಉಣ್ಣುತ್ತಿದ್ದವರಲ್ಲಿ ನಾಲ್ಕನೆಯ ಹಂತದ ಹುಣ್ಣು ಸಿಕ್ಕಿದರೆ ಆ ವಾದ ನಿಲ್ಲುವುದಿಲ್ಲ. ಹುಣ್ಣು ಮೊದಲ ಹಂತ, ಎರಡನೆಯ ಹಂತ ದಾಟುವಾಗ ಯಾರೂ ಬೆನ್ನು ನೋಡಲಿಲ್ಲ ಎಂದೇ ಅರ್ಥ.

ಅಮೆರಿಕದ ತಪಾಸಣೆಯಲ್ಲಿ ಇದನ್ನು ತೀರ್ಮಾನಿಸಲು ನಾಲ್ಕು ಪ್ರಶ್ನೆ ಕೇಳುತ್ತಾರೆ: ಅಪಾಯವನ್ನು ಅಳೆದಿರಾ, ಅದಕ್ಕೆ ತಕ್ಕ ಕ್ರಮ ಕೈಗೊಂಡಿರಾ, ಫಲ ಏನಾಯಿತೆಂದು ನೋಡಿದಿರಾ, ಫಲ ಬರದಿದ್ದಾಗ ಕ್ರಮ ಬದಲಿಸಿದಿರಾ? ನಾಲ್ಕಕ್ಕೂ ದಾಖಲೆ ಇದ್ದೂ ಹುಣ್ಣು ಬಂದಿದ್ದರೆ ಅದು ತಪ್ಪಿಸಲಾಗದ್ದು. ಇಲ್ಲಿಯೂ ಹಿಡಿಯಬೇಕಾದ ಅಳತೆಗೋಲು ಇದೇ. ಅಪಾಯ ಅಳೆಯಲು 1980ರ ದಶಕದಿಂದ ಬಳಕೆಯಲ್ಲಿರುವ ಬ್ರೇಡನ್ ಪಟ್ಟಿ ಇದೆ: ಸ್ಪರ್ಶಜ್ಞಾನ, ತೇವ, ಓಡಾಟ, ಹೊರಳುವ ಶಕ್ತಿ, ಆಹಾರ, ಉಜ್ಜುವಿಕೆ ಎಂಬ ಆರು ಅಂಶ, 6ರಿಂದ 23ರವರೆಗೆ ಅಂಕ, 18 ಅಥವಾ ಕಡಿಮೆ ಬಂದರೆ ಅಪಾಯ. ಒಂದೇ ಹಾಳೆ, ಐದು ನಿಮಿಷದ ಕೆಲಸ. ಸೇರಿಸಿಕೊಂಡ ದಿನವೇ ಆ ಹಾಳೆ ತುಂಬದ ಕೇರ್ ಸೆಂಟರಿನವರು ‘ನಾವು ಎಲ್ಲವನ್ನೂ ಮಾಡಿದ್ದೆವು’ ಎಂದರೆ ನಂಬುವುದು ಕಷ್ಟ.

ಕಾನೂನು ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ

ಹೆಚ್ಚಿನವರು ಮೊದಲು ನೆನೆಯುವುದು ತಂದೆ ತಾಯಿ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯನ್ನು. ಅದರ ನ್ಯಾಯಮಂಡಳಿ ಜೀವನಾಂಶ ಕೊಡಿಸುವುದು ಮಕ್ಕಳಿಂದ, ಸಂಬಂಧಿಕರಿಂದ. ಕೇರ್ ಸೆಂಟರಿನ ಮೇಲೆ ಅದಕ್ಕೆ ಹಿಡಿತವಿಲ್ಲ. ಅದರ 24ನೆಯ ಕಲಮು ಹಿರಿಯರನ್ನು ತೊರೆಯುವ ಉದ್ದೇಶದಿಂದಲೇ ಬಿಟ್ಟುಹೋದವರಿಗೆ. ಮೂರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹುಣ್ಣಿಗೆ ಅದು ಹೊಂದುವುದಿಲ್ಲ. 19ನೆಯ ಕಲಮು ಜಿಲ್ಲೆಗೊಂದು, ಕನಿಷ್ಠ 150 ನಿರ್ಗತಿಕರಿಗೆ ಜಾಗವಿರುವ ವೃದ್ಧಾಶ್ರಮ ಎಂದು ಸರಕಾರದ ಬಗ್ಗೆ ಮಾತಾಡುತ್ತದೆ. ಖಾಸಗಿ ಮನೆಗಳ ನೋಂದಣಿ, ಕನಿಷ್ಠ ಸಿಬ್ಬಂದಿ ಎಂಬ ಮಾತು ಕಾಯ್ದೆಯಲ್ಲಿಲ್ಲ. ಅದನ್ನು ತರಲು ಹೊರಟದ್ದೇ ಬಿದ್ದುಹೋದ 2019ರ ಮಸೂದೆ.

ಹಾಗಾದರೆ ಏನೂ ಇಲ್ಲವೇ? ಇದೆ, ಬೇರೆ ಹೆಸರಿನಲ್ಲಿ. ಮಹಾರಾಷ್ಟ್ರದ 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆಯ ವ್ಯಾಖ್ಯೆಯಲ್ಲಿ ಕಾಯಿಲೆ, ಗಾಯ ಎಂಬುದರ ಜೊತೆಗೆ ‘ಅಶಕ್ತತೆ’ಯೂ ಇದೆ, ಅಂಥವರನ್ನು ಇರಿಸಿಕೊಂಡು ಚಿಕಿತ್ಸೆ, ಶುಶ್ರೂಷೆ ಕೊಡುವ ಜಾಗವೆಲ್ಲ ನರ್ಸಿಂಗ್ ಹೋಮ್. ಮೂಗಿನ ನಳಿಕೆಯಲ್ಲಿ ಆಹಾರ, ಕ್ಯಾಥೆಟರ್, ಇಂಜೆಕ್ಷನ್, ಡ್ರೆಸ್ಸಿಂಗ್ ನಡೆಯುವ ಕೇರ್ ಸೆಂಟರ್ ‘ನಾವು ಬರೀ ವಸತಿ’ ಎನ್ನುವುದು ಕಷ್ಟ. ಈ ಕಾಯ್ದೆಯಡಿ ನೋಂದಣಿ ಮುಂಬಯಿಯಲ್ಲಿ, ಪುಣೆಯಲ್ಲಿ ಮಹಾನಗರಪಾಲಿಕೆಯ ಆರೋಗ್ಯ ವಿಭಾಗದ್ದು. 2021ರಲ್ಲಿ ತಿದ್ದಿದ ನಿಯಮಗಳಲ್ಲಿ ರೋಗಿಗಳ ಹಕ್ಕುಪಟ್ಟಿ, ದೂರು ಕೇಳುವ ವ್ಯವಸ್ಥೆಯೂ ಸೇರಿವೆ. ಮರೆವಿನ ಕಾಯಿಲೆಯವರನ್ನೇ ಇಟ್ಟುಕೊಳ್ಳುವ ಮನೆಗಳಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಅನ್ವಯಿಸಬಹುದು, ಏಕೆಂದರೆ ಅದರ ವ್ಯಾಖ್ಯೆಯಲ್ಲಿ ನೆನಪು, ದಿಕ್ಕುದೆಸೆಯ ಅರಿವು ಕೆಡುವುದೂ ಇದೆ. ಗೋವೆಯಲ್ಲಿ ಪೋರ್ಚುಗೀಸರ ಕಾಲದಿಂದ ಬಂದ ಪ್ರೊವೆಡೋರಿಯಾ ಎಂಬ ಸಾರ್ವಜನಿಕ ನೆರವಿನ ಸಂಸ್ಥೆ ಸರಕಾರಿ ವೃದ್ಧಾಶ್ರಮಗಳನ್ನು ನಡೆಸುತ್ತದೆ. ಖಾಸಗಿ ಚಿಕಿತ್ಸಾಲಯಗಳಿಗೆ 2019ರ ರಾಜ್ಯ ಕಾಯ್ದೆ ಇದೆ.

ಹೆಚ್ಚು ಜನರಿಗೆ ಗೊತ್ತಿಲ್ಲದ ಇನ್ನೊಂದು: ಭಾರತೀಯ ನ್ಯಾಯ ಸಂಹಿತೆಯ 357ನೆಯ ಕಲಮು. ಕಾಯಿಲೆಯಿಂದಲೋ ದೈಹಿಕ ದೌರ್ಬಲ್ಯದಿಂದಲೋ ಅಸಹಾಯಕರಾದವರನ್ನು ನೋಡಿಕೊಳ್ಳುವ ಕರಾರು ಮಾಡಿಕೊಂಡು ಬೇಕೆಂದೇ ಅದನ್ನು ಬಿಟ್ಟರೆ ಮೂರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಶಿಕ್ಷೆ ಚಿಕ್ಕದು. ಆದರೆ ಕರಾರಿನಲ್ಲಿ ಏನು ಬರೆದಿದೆ ಎಂಬುದೇ ಅದರ ಜೀವ. ಹಣ ಕೊಟ್ಟು ಇರಿಸಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಸೇವಾಲೋಪದ ದೂರು ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಕೊಡಬಹುದು. ಫಲ ಸಿಗುವ ಸಾಧ್ಯತೆ ಹೆಚ್ಚಿರುವುದು ಈ ದಾರಿಯಲ್ಲಿ.

ವಿಮೆ ತಿರುಗಿಸಿ ಹಿಡಿದ ಕೊಡೆ

ಆರೋಗ್ಯ ವಿಮೆ ಹಣ ಕೊಡದ ಸಂಗತಿಗಳ ಪ್ರಮಾಣಿತ ಪಟ್ಟಿಯಲ್ಲಿ ಐದನೆಯದು ವಿಶ್ರಾಂತಿ, ಪುನಶ್ಚೇತನ ಆರೈಕೆ. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಓಡಾಡಿಸುವುದು ಇಂಥ ನೆರವು ನರ್ಸ್ ಕೊಟ್ಟರೂ ಆಯಾ ಕೊಟ್ಟರೂ ಅದಕ್ಕೆ ಹಣವಿಲ್ಲ. ಹುಣ್ಣು ನಾಲ್ಕನೆಯ ಹಂತ ಮುಟ್ಟಿ, ಆಸ್ಪತ್ರೆಗೆ ಸೇರಿಸಿ, ಸತ್ತ ಮಾಂಸ ಕತ್ತರಿಸಿ ತೆಗೆದರೆ ಅದಕ್ಕೆ ಸಿಗುತ್ತದೆ. ರಾತ್ರಿಯ ಮೂರನೆಯ ಮಾವ್ಶಿಗೆ ಬೇಕಾದ ತಲೆಗೆ 900 ರೂಪಾಯಿ ಯಾರ ಖಾತೆಯಲ್ಲೂ ಇಲ್ಲ. 2024ರ ಅಕ್ಟೋಬರಿನಲ್ಲಿ 70 ದಾಟಿದವರಿಗೆಲ್ಲ ವಿಸ್ತರಿಸಿದ ಆಯುಷ್ಮಾನ್ ಯೋಜನೆಯೂ ಆಸ್ಪತ್ರೆಗೆ ಸೇರಿದಾಗಿನ ಖರ್ಚಿನದೇ.

ಮುಂದೆ ನೋಂದಣಿ ಕಡ್ಡಾಯವಾದರೆ ಏನಾಗಬಹುದು? ಎರಡು ಫ್ಲ್ಯಾಟು ಒಂದುಮಾಡಿ ನಡೆಸುವ ಚಿಕ್ಕ ಮನೆಗಳ ಖರ್ಚು ಏರುತ್ತದೆ. ಕೆಲವು ಮುಚ್ಚುತ್ತವೆ, ಕೆಲವು ಬೋರ್ಡು ತೆಗೆದು ನಡೆಯುತ್ತವೆ. ಅಲ್ಲಿರುವವರನ್ನು ಅವಸರದಲ್ಲಿ ಸಾಗಿಸಿದರೆ ಹೊಸ ಹುಣ್ಣುಗಳೇ ಹೆಚ್ಚಾದಾವು. ಆದ್ದರಿಂದ ಕಟ್ಟಡದ ಚದರಡಿಯಿಂದ ಶುರುಮಾಡುವ ನಿಯಮಕ್ಕಿಂತ, ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಹೊರಳಲಾರದವರು ಎಷ್ಟು, ಈ ತಿಂಗಳು ಹೊಸದಾಗಿ ಬಂದ ಹುಣ್ಣು ಎಷ್ಟು ಎಂಬ ಮೂರು ಅಂಕಿಗಳನ್ನು ಬಾಗಿಲಲ್ಲಿ ಬರೆದು ಹಾಕಿಸುವ ನಿಯಮ ಮೊದಲು ಬರುವುದು ಒಳ್ಳೆಯದು. ಅದಕ್ಕೆ ಹೊಸ ಕಟ್ಟಡ ಬೇಡ.

‘ಬೇನೆ’ ಎಂದರೆ ಯಾರಿಗೆ ಗೊತ್ತು

ಮರೆವಿನ ಕಾಯಿಲೆ ಬಲಿತಂತೆ ಎಷ್ಟೋ ಜನರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಅಳಿಯುತ್ತದೆ. ನಲವತ್ತು ವರ್ಷ ಮರಾಠಿ, ಹಿಂದಿಯಲ್ಲಿ ವ್ಯವಹರಿಸಿದವರು ತುಳುವಿಗೋ ಕನ್ನಡಕ್ಕೋ ಮರಳುತ್ತಾರೆ. ‘ಬೇನೆ’, ‘ಉರಿ’, ‘ಚಂಡಿ ಆಯ್ತು’ ಎಂದರೆ ರಾತ್ರಿ ಪಾಳಿಯವರಿಗೆ ಅದು ಗೊಣಗಾಟ. ಗೊಣಗಾಟಕ್ಕೆ ಸಿಗುವುದು ನಿದ್ರೆಮಾತ್ರೆ. ಮಂಚದ ತಲೆಯ ಕಡೆ ಒಂದು ದಪ್ಪ ಹಾಳೆ ಅಂಟಿಸಿ, ಈ ಮಾತುಗಳನ್ನು ದೇವನಾಗರಿಯಲ್ಲಿ ಬರೆದು ಎದುರಿಗೆ ಮರಾಠಿ ಅರ್ಥ ಕೊಡಬೇಕು: ಬೇನೆ ಅಥವಾ ನೋವು ಎಂದರೆ ದುಖತಂಯ, ಉರಿ ಎಂದರೆ ಜಳಜಳ, ಚಂಡಿ ಅಥವಾ ಒದ್ದೆ ಎಂದರೆ ಓಲಂ, ಮಗ್ಗುಲು ಎಂದರೆ ಕೂಸ್. ಮುಂಬಯಿ, ಪುಣೆಯ ಕನ್ನಡ ಸಂಘಗಳು ಇಂಥ ಒಂದು ಹಾಳೆ ಅಚ್ಚುಹಾಕಿ ಹಂಚಿದರೆ ಖರ್ಚು ಏನೂ ಅಲ್ಲ.

ಕರಾರು, ಭೇಟಿ, ಸಾಗಣೆ

ಸೇರಿಸುವಾಗ ಕರಾರಿನಲ್ಲಿ ಬರೆಸಬೇಕಾದದ್ದು: ರಾತ್ರಿ ಎಷ್ಟು ಹಾಸಿಗೆಗೆ ಎಷ್ಟು ಜನ, ಮಗ್ಗುಲು ಬದಲಿಸುವ ಅಂತರ, ವಾರಕ್ಕೊಮ್ಮೆ ಪೂರ್ತಿ ಚರ್ಮದ ತಪಾಸಣೆ, ತಿಂಗಳಿಗೊಮ್ಮೆ ತೂಕ, ಚರ್ಮದಲ್ಲಿ ಬದಲಾವಣೆ ಕಂಡ 24 ಗಂಟೆಯೊಳಗೆ ಮನೆಯವರಿಗೆ ಫೋಟೋ ಸಮೇತ ತಿಳಿಸುವುದು, ನಿದ್ರೆಮಾತ್ರೆಗೆ ವೈದ್ಯರ ಚೀಟಿ.

ಭೇಟಿಯನ್ನು ಭಾನುವಾರದಿಂದ ಆಗೊಮ್ಮೆ ಈಗೊಮ್ಮೆ ಬೆಳಿಗ್ಗೆ ಆರೂವರೆಗೆ ಬದಲಿಸಿ. ರಾತ್ರಿ ಹೇಗೆ ಕಳೆಯಿತು ಎಂಬುದು ಆಗ ಮೈಮೇಲೆ ಬರೆದಿರುತ್ತದೆ. ಅಮ್ಮನನ್ನು ಕೇಳಿ, ಪರದೆ ಎಳೆದು, ಸಿಸ್ಟರ್ ಜೊತೆಗೇ ಬೆನ್ನು, ಹಿಮ್ಮಡಿ ನೋಡಿ. ಮಗ್ಗುಲು ಚಾರ್ಟು ಕೇಳಿ. ಇಡೀ ರಾತ್ರಿಯ ನಮೂದು ಒಂದೇ ಕೈಬರಹ, ಒಂದೇ ಶಾಯಿ, ಸರಿಯಾಗಿ ಎರಡು, ನಾಲ್ಕು, ಆರು ಗಂಟೆ ಎಂದಿದ್ದರೆ ಅನುಮಾನಿಸಿ. ನಿಜವಾಗಿ ಮಾಡಿದ ಕೆಲಸದ ಹೊತ್ತು 2.10, 4.25 ಎಂದು ಏರುಪೇರಾಗಿರುತ್ತದೆ.

ಹುಣ್ಣು ಕಂಡರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ದಿನಾಂಕ ಸಹಿತ ಫೋಟೋ ತೆಗೆಯಿರಿ. ಉದ್ದ, ಅಗಲ, ಆಳವನ್ನು ಸೆಂ.ಮೀ.ನಲ್ಲಿ ಬರೆಯಿರಿ. ಚಾರ್ಟಿನ ಪ್ರತಿಯನ್ನು ಇಮೇಲಿನಲ್ಲಿ ಕೇಳಿ. ಆಸ್ಪತ್ರೆಗೆ ಹೋದರೆ ದಾಖಲಾತಿ ಟಿಪ್ಪಣಿಯಲ್ಲೇ ಹುಣ್ಣಿನ ಜಾಗ, ಹಂತ, ಅಳತೆ ಬರೆಯಿಸಿ. ವೈದ್ಯಕೀಯ ದಾಖಲೆಯ ಪ್ರತಿಯನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ವೃತ್ತಿನಡತೆ ನಿಯಮಗಳಿವೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567.

ಆಸ್ಪತ್ರೆಯಿಂದ ಕೇರ್ ಸೆಂಟರಿಗೆ, ಕೇರ್ ಸೆಂಟರಿನಿಂದ ಆಸ್ಪತ್ರೆಗೆ ಸಾಗಿಸುವ ಪ್ರತಿ ಸಲವೂ ಕಳಿಸುವವರು, ಬರಮಾಡಿಕೊಳ್ಳುವವರು, ಮನೆಯ ಒಬ್ಬರು ಒಟ್ಟಿಗೆ ನಿಂತು ತಲೆಯ ಹಿಂಭಾಗದಿಂದ ಹಿಮ್ಮಡಿಯವರೆಗೆ ನೋಡಿ ಒಂದು ಹಾಳೆಗೆ ಸಹಿ ಹಾಕಬೇಕು. ಹತ್ತು ನಿಮಿಷ ಸಾಕು. ಅದೇ ತಪಾಸಣೆಯನ್ನು ಮೂರನೆಯ ದಿನ ಮತ್ತೊಮ್ಮೆ ಮಾಡಿ, ಅದೇ ಹಾಳೆಯ ಹಿಂದೆ ಬರೆಯಬೇಕು. ಆಳದ ಪೆಟ್ಟು ಹೊರಗೆ ಕಾಣುವುದು ಅಷ್ಟರಲ್ಲಿ.